ಹಕ್ಕಿನ ಹೋರಾಟವನ್ನು ಸೇವೆಯ ಮೂಲಕ ನೆನೆಯುವುದು: ಓಹಾಯೋದ ಆಕ್ಸ್‌ಫರ್ಡ್ ಊರಿನಿಂದ ಒಂದು ಪ್ರಶ್ನೆ

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಓಹಾಯೋ ರಾಜ್ಯದ ನೈಋತ್ಯ ಮೂಲೆಯಲ್ಲಿ, ಸಿನ್ಸಿನಾಟಿಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿರುವ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ವಾಸವಾಗಿದ್ದೇವೆ. ಈ ಊರಿನ ಬದುಕೆಲ್ಲ 1809ರಲ್ಲಿ ಸ್ಥಾಪನೆಯಾದ ಮಯಾಮಿ ವಿಶ್ವವಿದ್ಯಾಲಯವನ್ನು ಸುತ್ತಿಕೊಂಡಿದೆ. (ಫ್ಲಾರಿಡಾದ ಮಯಾಮಿ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಸೀಮೆಯ ಮೂಲನಿವಾಸಿಗಳಾಗಿದ್ದು, 1846ರಲ್ಲಿ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿಸಿಕೊಂಡ ಜನರ ಹೆಸರು ಅದು. ಆ ಕಥೆಗೆ ಬೇರೆಯದೇ ಚರ್ಚೆ ಬೇಕು.)

ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ. ದೇಶದ ಅನೇಕ ಕಾಲೇಜು ಊರುಗಳಲ್ಲಿ ಆ ದಿನ ವಿದ್ಯಾರ್ಥಿಗಳೂ ಊರವರೂ ಜೊತೆಯಾಗಿ ಏನಾದರೊಂದು ಸೇವೆ ಮಾಡುವ ಪದ್ಧತಿಯಿದೆ. ಕಿಂಗ್ ಹುಟ್ಟಿದ್ದು ಜನವರಿ 15ರಂದು. ಹಾಗಾಗಿ ನಮ್ಮ ಸಂಕ್ರಾಂತಿಯೂ ಈ ದಿನವೂ ಬಹುತೇಕ ಒಂದೇ ವಾರಾಂತ್ಯದ ಆಚೀಚೆ ಬೀಳುತ್ತವೆ. ಕಳೆದ ಸಲ ನಮ್ಮ ಗುಂಪಿನಲ್ಲಿ ಒಬ್ಬರು, ಎಳ್ಳು ಬೀರುವ ಕಾರ್ಯಕ್ರಮಕ್ಕೆ ಬರುವವರೆಲ್ಲ ತಲಾ ನಾಲ್ಕು ಡಬ್ಬಿ ಆಹಾರ ತಂದು ಕೊಟ್ಟುಬಿಟ್ಟರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ ಎಂದರು. ಹಾಗೆಯೇ ಮಾಡಿದೆವು. ಡಬ್ಬಿಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡೆವು. ಮನೆಗೆ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ನಾವಿರುವ ಊರು 1964ರ ಬೇಸಿಗೆಯಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಬಹುದೊಡ್ಡ ಅಧ್ಯಾಯವೊಂದು, ಅಂದರೆ ಮಿಸಿಸಿಪಿಯಲ್ಲಿ ಅವರನ್ನು ಮತದಾರರ ಪಟ್ಟಿಗೆ ಸೇರಿಸುವ ಅಭಿಯಾನ, ಆರಂಭವಾದ ಊರು. ಅದಕ್ಕೂ ನಮ್ಮ ಬಟಾಣಿ ಡಬ್ಬಿಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಹಕ್ಕಿಗಾಗಿ ನಡೆದ ಹೋರಾಟವನ್ನು ಸೇವೆಯ ಮೂಲಕ ಗೌರವಿಸಬಹುದೇ? ಬಹುದಾದರೆ ಅದು ಯಾವ ಬಗೆಯ ಸೇವೆಯಾಗಿರಬೇಕು?

ಹಳೆಯ ಮೇಷ್ಟ್ರು

ಮೊದಲು ಈ ದಿನದ ಕಾನೂನಿನ ಚರಿತ್ರೆಯನ್ನು ಸ್ವಲ್ಪ ನೋಡೋಣ, ಏಕೆಂದರೆ ರಜೆಯೂ ಸೇವೆಯೂ ಒಂದೇ ಕಾಲಕ್ಕೆ ಹುಟ್ಟಿದವಲ್ಲ. 1968ರ ಏಪ್ರಿಲ್ 4ರಂದು ಕಿಂಗ್ ಹತ್ಯೆಯಾದ ನಾಲ್ಕೇ ದಿನಕ್ಕೆ ಮಿಷಿಗನ್‌ನ ಪ್ರತಿನಿಧಿ ಜಾನ್ ಕಾನ್ಯರ್ಸ್ ರಾಷ್ಟ್ರೀಯ ರಜೆಯ ಮಸೂದೆಯನ್ನು ಮಂಡಿಸಿದರು. ಅದು ಕಾನೂನಾಗಲು ಹದಿನೈದು ವರ್ಷ ಹಿಡಿಯಿತು. ಕಿಂಗ್ ಅವರ ಪತ್ನಿ ಕೊರೆಟ್ಟಾ ಸ್ಕಾಟ್ ಕಿಂಗ್ ಅವರು ಊರೂರು ಅಲೆದು ಸಹಿ ಸಂಗ್ರಹಿಸಿದ ಮೇಲೆ, 1983ರಲ್ಲಿ ಸೆನೆಟ್ 78–22 ಮತಗಳಿಂದ ಒಪ್ಪಿತು. ಆ ವರ್ಷದ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. 1986ರಲ್ಲಿ ಮೊದಲ ಆಚರಣೆ ನಡೆಯಿತು. ಎಲ್ಲ ಐವತ್ತು ರಾಜ್ಯಗಳೂ ಒಪ್ಪಿಕೊಳ್ಳುವ ಹೊತ್ತಿಗೆ 2000ನೇ ಇಸವಿ ಬಂದಿತ್ತು. ಮಿಸಿಸಿಪಿ ಮತ್ತು ಅಲಬಾಮಾ ರಾಜ್ಯಗಳಲ್ಲಿ ಇಂದಿಗೂ ಅದೇ ದಿನವನ್ನು ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ಸೈನ್ಯದ ಸೇನಾಪತಿ ರಾಬರ್ಟ್ ಲೀಯ ಜನ್ಮದಿನವಾಗಿಯೂ ಆಚರಿಸುತ್ತಾರೆ ಎಂಬುದನ್ನು ಓದಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸೇವೆ ಬಂದದ್ದು ತಡವಾಗಿ, 1994ರಲ್ಲಿ. ಜಾರ್ಜಿಯಾದ ಪ್ರತಿನಿಧಿ ಜಾನ್ ಲೂಯಿಸ್ ಮತ್ತು ಪೆನ್ಸಿಲ್ವೇನಿಯಾದ ಸೆನೆಟರ್ ಹ್ಯಾರಿಸ್ ವಾಫರ್ಡ್ ಸೇರಿ ತಂದ ಕಾನೂನಿಗೆ ಕ್ಲಿಂಟನ್ ಸಹಿ ಹಾಕಿದರು. ಬಿಡುವಿನ ದಿನವಾಗದೆ ದುಡಿಮೆಯ ದಿನವಾಗಲಿ ಎಂಬುದು ಅದರ ಆಶಯ. ಕಿಂಗ್ ತಮ್ಮ ಕೊನೆಯ ದಿನಗಳ ಒಂದು ಪ್ರವಚನದಲ್ಲಿ, ಸೇವೆ ಮಾಡಲು ಪದವಿ ಬೇಕಿಲ್ಲ, ವ್ಯಾಕರಣ ಬೇಕಿಲ್ಲ, ಆದ್ದರಿಂದ ಯಾರು ಬೇಕಾದರೂ ದೊಡ್ಡವರಾಗಬಹುದು ಎಂದು ಹೇಳಿದ್ದರು. ಆ ಮಾತನ್ನೇ ಈ ದಿನದ ಮಂತ್ರವಾಗಿ ಎಲ್ಲೆಡೆ ಬಳಸುತ್ತಾರೆ. ಹಾಗಾಗಿ, ಹೊಳೆದಂಡೆಯವರೇ, ಸೇವೆಗೂ ಕಿಂಗ್‌ಗೂ ಸಂಬಂಧವಿಲ್ಲ ಎನ್ನಲಾಗದು.

ಕೆಂಪು ಮಣ್ಣು

ಮೇಷ್ಟ್ರ ಮಾಹಿತಿಗೆ ವಂದನೆಗಳು, ಆದರೆ ಆ ಪ್ರವಚನದ ಎರಡು ಸಾಲನ್ನು ಮಾತ್ರ ಕಿತ್ತು ಗೋಡೆಗೆ ಅಂಟಿಸಿಕೊಳ್ಳುವುದರಲ್ಲಿಯೇ ನನ್ನ ತಕರಾರು ಇರುವುದು. ಅದೇ ಕಿಂಗ್ 1967ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು, ಭಿಕ್ಷುಕನ ಕಡೆ ನಾಣ್ಯ ಎಸೆಯುವುದು ಕರುಣೆಯಲ್ಲ, ಭಿಕ್ಷುಕರನ್ನು ಹುಟ್ಟಿಸುವ ಕಟ್ಟಡವನ್ನೇ ಹೊಸದಾಗಿ ಕಟ್ಟಬೇಕಾಗಿದೆ ಎಂಬರ್ಥದ ಮಾತನ್ನು ಆಡಿದ್ದರು. ಅವರು ಸತ್ತದ್ದು ಎಲ್ಲಿ ಎಂದೂ ನೆನೆಯಿರಿ. 1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಮಳೆಯಿಂದ ಮರೆಯಾಗಲು ಕಸದ ಲಾರಿಯೊಳಗೆ ಕುಳಿತಿದ್ದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರನ್ನು ಅದರ ಯಂತ್ರವೇ ಅರೆದುಹಾಕಿತು. ಆ ಬಳಿಕ ಸುಮಾರು 1,300 ಕಪ್ಪು ಕಾರ್ಮಿಕರು ಕೆಲಸ ನಿಲ್ಲಿಸಿ, ನಾನೂ ಮನುಷ್ಯ ಎಂಬ ಫಲಕ ಹಿಡಿದು ಬೀದಿಗಿಳಿದರು. ಕಿಂಗ್ ಹೋದದ್ದು ಆ ಮುಷ್ಕರಕ್ಕೆ. ಅಲ್ಲಿ ಅವರು ಬೀದಿ ಗುಡಿಸಿ ಸೇವೆ ಮಾಡಲಿಲ್ಲ; ಬೀದಿ ಗುಡಿಸುವವರ ಕೂಲಿ ಮತ್ತು ಸಂಘದ ಹಕ್ಕಿಗಾಗಿ ನಿಂತರು.

ಇನ್ನು ಸೇವೆ ಎಂಬ ಪದ. ಕನ್ನಡದಲ್ಲಿ ಈ ಪದ ದೇವಸ್ಥಾನದ ರಸೀದಿಯ ಮೇಲೆ ಒಂದು ಬಗೆಯಲ್ಲಿ ಕೇಳಿಸುತ್ತದೆ, ನಮ್ಮಂಥವರ ಅಜ್ಜಂದಿರ ಕಿವಿಯಲ್ಲಿ ಬೇರೊಂದು ಬಗೆಯಲ್ಲಿ. ಊರ ತಳವಾರಿಕೆ, ಬಿಟ್ಟಿ ಚಾಕರಿ, ಸತ್ತ ದನ ಹೊರುವುದು, ಇವೆಲ್ಲಕ್ಕೂ ಊರಿನವರು ಕೊಟ್ಟ ಮರ್ಯಾದೆಯ ಹೆಸರು ಸೇವೆಯೇ ಆಗಿತ್ತು. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ, ತೆಗೆದುಕೊಳ್ಳುವ ಕೈ ಕೆಳಗಿರುತ್ತದೆ. ವರ್ಷಕ್ಕೊಂದು ದಿನ ಅದನ್ನು ಹಬ್ಬ ಮಾಡಿದರೆ ಮೇಲು ಕೆಳಗು ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಅಳಿಯುವುದಿಲ್ಲ.

ಈ ವಾದ ಹೊಸದೂ ಅಲ್ಲ. 1932ರಲ್ಲಿ ಪೂನಾ ಒಪ್ಪಂದದ ಬೆನ್ನಿಗೆ ಗಾಂಧೀಜಿಯ ಪ್ರೇರಣೆಯಿಂದ ಹುಟ್ಟಿದ, ಮುಂದೆ ಹರಿಜನ ಸೇವಕ ಸಂಘವೆಂದು ಹೆಸರಾದ ಸಂಸ್ಥೆಯ ಕಾರ್ಯದರ್ಶಿ ಠಕ್ಕರ್ ಬಾಪಾ ಅವರಿಗೆ ಅಂಬೇಡ್ಕರ್ ನವೆಂಬರ್‌ನಲ್ಲಿ ಒಂದು ದೀರ್ಘ ಪತ್ರ ಬರೆದರು. ಒಬ್ಬೊಬ್ಬ ವ್ಯಕ್ತಿಯನ್ನು ತಿದ್ದುವ, ಉದ್ಧರಿಸುವ ಕೆಲಸಕ್ಕೆ ಶಕ್ತಿ ವ್ಯಯಿಸಬೇಡಿ. ಬಾವಿಯ ನೀರು, ಶಾಲೆಯ ಪ್ರವೇಶ, ಊರ ಚಾವಡಿ, ಸಾರ್ವಜನಿಕ ವಾಹನ, ಇವುಗಳ ಮೇಲಿನ ನಾಗರಿಕ ಹಕ್ಕನ್ನು ದೊರಕಿಸಲು ಹಳ್ಳಿಹಳ್ಳಿಯಲ್ಲಿ ಅಭಿಯಾನ ನಡೆಸಿ ಎಂಬುದು ಅದರ ತಿರುಳು. ಸಂಘ ಆ ದಾರಿ ಹಿಡಿಯಲಿಲ್ಲ. ಮೂವತ್ತೆರಡು ವರ್ಷಗಳ ನಂತರ ಮಿಸಿಸಿಪಿಯಲ್ಲಿ ನಡೆದದ್ದು ಅಂಬೇಡ್ಕರ್ ಕೇಳಿದ್ದಂಥ ಕೆಲಸ ಎಂದು ನನಗನಿಸುತ್ತದೆ. ಅದನ್ನು ಡಬ್ಬಿ ಹಂಚಿ ನೆನೆಯುವುದು ಪತ್ರಕ್ಕೆ ಮತ್ತೊಮ್ಮೆ ಉತ್ತರ ಕೊಡದೆ ಇರುವ ಹಾಗೆ.

ಪಡುವಣ ಗಾಳಿ

ನಾನು ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಓದಿದವಳು. ಚರ್ಚೆ ಮುಂದೆ ಹೋಗುವ ಮೊದಲು ಅಲ್ಲಿ 1964ರಲ್ಲಿ ನಡೆದದ್ದೇನು ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಸೇವೆಯೋ ಹಕ್ಕೋ ಎಂಬ ಪ್ರಶ್ನೆಗೆ ಆ ಎರಡು ವಾರಗಳಲ್ಲಿಯೇ ಬಹಳಷ್ಟು ಉತ್ತರವಿದೆ.

ಆಗ ಮಯಾಮಿ ವಿಶ್ವವಿದ್ಯಾಲಯದ ಪಕ್ಕದಲ್ಲಿ ವೆಸ್ಟರ್ನ್ ಕಾಲೇಜ್ ಎಂಬ ಸಣ್ಣ ಮಹಿಳಾ ಕಾಲೇಜು ಪ್ರತ್ಯೇಕವಾಗಿ ಇತ್ತು. ಮಿಸಿಸಿಪಿಯಲ್ಲಿ ಕಪ್ಪು ಜನರ ಮತದಾರರ ನೋಂದಣಿಗಾಗಿ ಉತ್ತರದ ರಾಜ್ಯಗಳಿಂದ ವಿದ್ಯಾರ್ಥಿ ಸ್ವಯಂಸೇವಕರನ್ನು ಕರೆದೊಯ್ಯುವ ಯೋಜನೆಗೆ ತರಬೇತಿಯ ಸ್ಥಳ ಬೇಕಾಗಿತ್ತು. ಮೊದಲು ಗೊತ್ತುಮಾಡಿದ್ದ ಕೆಂಟಕಿಯ ಬೆರಿಯಾ ಕಾಲೇಜು ಹಿಂದೆ ಸರಿದ ಮೇಲೆ ವೆಸ್ಟರ್ನ್ ಕಾಲೇಜು ತನ್ನ ಆವರಣವನ್ನು ಬಾಡಿಗೆಗೆ ಕೊಟ್ಟಿತು. ಜೂನ್ 14ರಿಂದ ಎರಡು ವಾರ, ಎರಡು ತಂಡಗಳಲ್ಲಿ, ಸುಮಾರು 800 ಮಂದಿ ಅಲ್ಲಿ ತರಬೇತಿ ಪಡೆದರು. ಬಹುಪಾಲು ಬಿಳಿಯ, ಅನುಕೂಲಸ್ಥ ಮನೆಯ ಮಕ್ಕಳು. ಬಂಧನವಾದರೆ ಜಾಮೀನಿಗೆಂದು ತಲಾ 500 ಡಾಲರ್ ಜೊತೆಗಿಟ್ಟುಕೊಂಡು ಬರಬೇಕೆಂಬ ನಿಯಮವಿತ್ತು. ಬಡವರ ಮಕ್ಕಳು ಬರುವುದು ಆ ನಿಯಮದಿಂದಲೇ ಕಷ್ಟವಾಯಿತು. ಹುಲ್ಲುಹಾಸಿನ ಮೇಲೆ ಒಬ್ಬರು ಪೊಲೀಸರಂತೆ, ಇನ್ನೊಬ್ಬರು ರೊಚ್ಚಿಗೆದ್ದ ಗುಂಪಿನಂತೆ ನಟಿಸಿ ಹೊಡೆಯಲು ಬಂದಾಗ, ನೆಲಕ್ಕೆ ಬಿದ್ದು ಮಂಡಿ ಮಡಚಿ ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳುವುದನ್ನು ಕಲಿಸಿದರು. ನ್ಯಾಯಾಂಗ ಇಲಾಖೆಯ ಜಾನ್ ಡೋರ್ ಬಂದಾಗ, ನಮ್ಮ ರಕ್ಷಣೆಗೆ ಸರ್ಕಾರ ಏನು ಮಾಡುತ್ತದೆ ಎಂದು ವಿದ್ಯಾರ್ಥಿಗಳು ಕೇಳಿದರು. ಒಕ್ಕೂಟ ಸರ್ಕಾರಕ್ಕೆ ಅಂಥ ಪೊಲೀಸ್ ಪಡೆಯಿಲ್ಲ, ಅದು ಸ್ಥಳೀಯ ಪೊಲೀಸರ ಹೊಣೆ ಎಂದು ಅವರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಹಾಗೆ ಹೇಳಿದ್ದಕ್ಕೆ ಸಭೆ ಅವರನ್ನು ಕೂಗಾಡಿ ಮೂದಲಿಸಿತು. ಆ ಸ್ಥಳೀಯ ಪೊಲೀಸರು ಎಂಥವರು ಎಂಬುದು ವಾರದೊಳಗೆ ಗೊತ್ತಾಯಿತು.

ಮಿಸಿಸಿಪಿಯ ಮೆರಿಡಿಯನ್ ಊರಿನ ಜೇಮ್ಸ್ ಚೇನಿಗೆ 21 ವರ್ಷ, ನ್ಯೂಯಾರ್ಕಿನ ಆಂಡ್ರ್ಯೂ ಗುಡ್‌ಮನ್‌ಗೆ 20, ಮೈಕೆಲ್ ಶ್ವರ್ನರ್‌ಗೆ 24. ಲಾಂಗ್‌ಡೇಲ್ ಎಂಬಲ್ಲಿ ತಮ್ಮ ಕೆಲಸಕ್ಕೆ ಜಾಗ ಕೊಡಲು ಒಪ್ಪಿದ್ದ ಕಪ್ಪು ಜನರ ಚರ್ಚನ್ನು ಸುಟ್ಟರೆಂಬ ಸುದ್ದಿ ತಿಳಿದು, ಜೂನ್ 20ರ ನಸುಕಿನಲ್ಲಿ ಈ ಮೂವರೂ ಆಕ್ಸ್‌ಫರ್ಡಿನಿಂದ ಕಾರಿನಲ್ಲಿ ಹೊರಟರು. ಮರುದಿನ ಸುಟ್ಟ ಚರ್ಚನ್ನು ನೋಡಿ ಹಿಂದಿರುಗುವಾಗ ಉಪ ಶೆರೀಫ್ ಅವರನ್ನು ಹಿಡಿದು ಲಾಕಪ್ಪಿಗೆ ಹಾಕಿ, ರಾತ್ರಿ ಬಿಟ್ಟು, ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಕು ಕ್ಲಕ್ಸ್ ಕ್ಲಾನ್ ಗುಂಪಿನ ಕೈಗೆ ಒಪ್ಪಿಸಿದ. ಇತ್ತ ಆಕ್ಸ್‌ಫರ್ಡಿನಲ್ಲಿ ಎರಡನೆಯ ತಂಡ ಬಂದಿಳಿದಿತ್ತು. ಮೂವರು ಕಾಣೆಯಾಗಿದ್ದಾರೆ ಎಂಬ ಸುದ್ದಿಯನ್ನು ಯೋಜನೆಯ ನಿರ್ದೇಶಕ ಬಾಬ್ ಮೋಸೆಸ್ ಆ ತಂಡಕ್ಕೆ ತಿಳಿಸಿ, ಹಿಂದಿರುಗಬೇಕೆನ್ನುವವರು ಹಿಂದಿರುಗಬಹುದು ಎಂದರು. ಬಹುತೇಕ ಯಾರೂ ಹಿಂದಿರುಗಲಿಲ್ಲ. ಆಗಸ್ಟ್ 4ರಂದು ಒಂದು ಮಣ್ಣಿನ ಒಡ್ಡಿನ ಕೆಳಗೆ ಮೂವರ ದೇಹಗಳೂ ಸಿಕ್ಕವು.

ವೆಸ್ಟರ್ನ್ ಕಾಲೇಜು ಹಣವಿಲ್ಲದೆ 1974ರಲ್ಲಿ ಮಯಾಮಿ ವಿಶ್ವವಿದ್ಯಾಲಯದಲ್ಲಿ ಲೀನವಾಯಿತು. 2000ನೇ ಇಸವಿಯಲ್ಲಿ ಆ ಆವರಣದ ಇಳಿಜಾರಿನಲ್ಲಿ ಸುಣ್ಣಕಲ್ಲಿನ ಅರ್ಧವೃತ್ತಾಕಾರದ ಸ್ಮಾರಕ ಕಟ್ಟಿದರು. ಆ ಕಾಲದ ಪತ್ರಿಕೆಗಳ ತಲೆಬರಹಗಳನ್ನು ಕಲ್ಲಿನ ಪೀಠಗಳ ಮೇಲೆ ಕೆತ್ತಿದ್ದಾರೆ. ಕುಳಿತುಕೊಳ್ಳಬೇಕಾದರೆ ಸುದ್ದಿಯ ಮೇಲೆಯೇ ಕುಳಿತುಕೊಳ್ಳಬೇಕು. ಒಂದು ಮಾತನ್ನು ಮುಜುಗರದಿಂದಲೇ ಸೇರಿಸುತ್ತೇನೆ: 1964ರಲ್ಲಿ ಬಾಗಿಲು ತೆರೆದದ್ದು ಆ ಪುಟ್ಟ ಕಾಲೇಜು, ಇಂದು ಆ ಗೌರವವನ್ನು ಹೊತ್ತು ನಿಂತಿರುವುದು ಪಕ್ಕದ ದೊಡ್ಡ ವಿಶ್ವವಿದ್ಯಾಲಯ. ಪಿತ್ರಾರ್ಜಿತವಾಗಿ ಬಂದ ಪುಣ್ಯವನ್ನು ಉಳಿಸಿಕೊಳ್ಳಬೇಕಾದರೆ ಪ್ರತಿ ತಲೆಮಾರೂ ಏನಾದರೂ ಮಾಡಲೇಬೇಕಾಗುತ್ತದೆ. ಇನ್ನೊಂದು ತೊಡಕು ಏನೆಂದರೆ, ಈ ಊರಿನ ಸ್ವಂತ ನೆನಪು ಜೂನ್ ತಿಂಗಳದ್ದು. ಆದರೆ ಮೇ ಮುಗಿಯುವುದರೊಳಗೆ ವಿದ್ಯಾರ್ಥಿಗಳೆಲ್ಲ ಊರು ಬಿಟ್ಟಿರುತ್ತಾರೆ. ಬೇಸಿಗೆಯ ಹೋರಾಟವನ್ನು ಹಿಮ ಬೀಳುವ ಜನವರಿಯಲ್ಲಿ ನೆನೆಯಬೇಕಾಗಿ ಬಂದದ್ದು ಶಾಲಾ ಪಂಚಾಂಗದಿಂದ.

ಅರಳಿಕಟ್ಟೆ

ಪಡುವಣ ಗಾಳಿಯವರ ಬರಹಕ್ಕೆ ಒಂದು ಕಹಿಯಾದ ಪುಟವನ್ನು ಸೇರಿಸಲೇಬೇಕು. ಮೂವರಿಗಾಗಿ ಮಿಸಿಸಿಪಿಯ ನದಿ, ಕೆಸರುಗಳನ್ನು ಜಾಲಾಡುತ್ತಿದ್ದಾಗ ಜುಲೈ ತಿಂಗಳಲ್ಲಿ ಬೇರೆ ಇಬ್ಬರ ದೇಹಗಳು ಸಿಕ್ಕವು. ಹೆನ್ರಿ ಡೀ, ಚಾರ್ಲ್ಸ್ ಮೂರ್ ಎಂಬ ಕಪ್ಪು ತರುಣರು ಅವರು. ಮೇ 2ರಂದೇ ಕ್ಲಾನ್ ಅವರನ್ನು ಕೊಂದು ನದಿಗೆ ಎಸೆದಿತ್ತು. ಅವರನ್ನು ಹುಡುಕಲು ಯಾರೂ ಬಂದಿರಲಿಲ್ಲ. ಚೇನಿ ಒಬ್ಬನೇ ಕಾಣೆಯಾಗಿದ್ದರೆ ಈ ದೇಶ ಗಮನಿಸುತ್ತಲೇ ಇರಲಿಲ್ಲ ಎಂದು ಶ್ವರ್ನರ್ ಅವರ ಪತ್ನಿ ರೀಟಾ ಪತ್ರಕರ್ತರ ಮುಂದೆ ನೇರವಾಗಿ ಹೇಳಿದರು. ಗಂಡ ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದ ಹೊತ್ತಿನಲ್ಲಿ ಆಡಿದ ಮಾತು ಅದು.

ಫಲಿತಾಂಶವನ್ನೂ ಅಂಕಿಗಳಲ್ಲಿ ನೋಡಿ. ಆ ಬೇಸಿಗೆಯಲ್ಲಿ ಸುಮಾರು 17,000 ಕಪ್ಪು ಜನರು ಮತದಾರರ ಪಟ್ಟಿಗೆ ಸೇರಲು ಅರ್ಜಿ ಹಾಕಿದರು, ಒಪ್ಪಿಗೆಯಾದದ್ದು ಸುಮಾರು 1,600 ಮಾತ್ರ. ಲೆಕ್ಕದ ಪ್ರಕಾರ ಸೋಲು. ಆದರೆ ಮುಂದಿನ ವರ್ಷ ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆ ಬರಲು ಇದೂ ಒಂದು ಕಾರಣವಾಯಿತು. ಅಲ್ಲಿ ನಡೆದ ನಲವತ್ತಕ್ಕೂ ಹೆಚ್ಚು ಸ್ವಾತಂತ್ರ್ಯ ಶಾಲೆಗಳಲ್ಲಿ, ಚರ್ಚಿನ ನೆಲಮಾಳಿಗೆಗಳಲ್ಲಿ, ಮರದ ನೆರಳಿನಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಮಂದಿ ಓದು, ಗಣಿತ, ಕಪ್ಪು ಜನರ ಚರಿತ್ರೆ ಕಲಿತರು. ಇದನ್ನು ಸೇವೆ ಎನ್ನುತ್ತೀರೋ ಹೋರಾಟ ಎನ್ನುತ್ತೀರೋ ಕೆಂಪು ಮಣ್ಣು ಅವರೇ?

ನೇರ ಮಾತು

ಇಷ್ಟು ದೊಡ್ಡ ಚರ್ಚೆ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ಹಸಿದವರಿಗೆ ಡಬ್ಬಿ ಸಿಕ್ಕಿತು, ಅವರು ಉಂಡರು. ಕೊಟ್ಟವರ ತತ್ತ್ವ ಏನೆಂದು ಅವರು ಕೇಳುವುದಿಲ್ಲ. ನಾವು ವೀಸಾ ಮೇಲೆ ಬಂದವರು. ಇದು ಬಿಳಿಯರೂ ಕಪ್ಪು ಜನರೂ ಬಗೆಹರಿಸಿಕೊಳ್ಳಬೇಕಾದ ಅವರ ಮನೆಯ ವಿಷಯ. ಊರ ಉಸಾಬರಿ ನಮಗೇಕೆ?

ಹಳೆಯ ಮೇಷ್ಟ್ರು

ನೇರ ಮಾತಿಗೆ ನೇರ ಉತ್ತರ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. 1946ರಲ್ಲಿ ಬಾಗಿಲು ತುಸು ತೆರೆದಾಗ ಇಡೀ ಭಾರತಕ್ಕೆ ವರ್ಷಕ್ಕೆ ಸಿಕ್ಕ ಪಾಲು 100. ಆ ಬಾಗಿಲು ನಿಜವಾಗಿ ತೆರೆದದ್ದು 1965ರ ಅಕ್ಟೋಬರ್‌ನ ವಲಸೆ ಕಾಯಿದೆಯಿಂದ, ಅಂದರೆ ಮತದಾನ ಹಕ್ಕು ಕಾಯಿದೆಗೆ ಸಹಿ ಬಿದ್ದ ಎರಡು ತಿಂಗಳಿಗೆ. ಹುಟ್ಟಿನ ಆಧಾರದ ಮೇಲೆ ಮನುಷ್ಯರನ್ನು ತೂಗಬಾರದು ಎಂದು ದೇಶವನ್ನು ಒಪ್ಪಿಸಿದ ಗಾಳಿ ಒಂದೇ. ಆ ಹುಲ್ಲುಹಾಸಿನ ಮೇಲೆ ಬಿದ್ದು ತಲೆ ಮುಚ್ಚಿಕೊಳ್ಳಲು ಕಲಿತ ಮಕ್ಕಳು ತೆರೆದ ಬಾಗಿಲಿನಿಂದಲೇ ನೀವೂ ನಾನೂ ಒಳಗೆ ಬಂದದ್ದು. ಆಮೇಲೆ ಅದು ಅವರ ಮನೆಯ ವಿಷಯ ಎನ್ನುವುದು ಉಂಡ ಮನೆಯ ಗಳ ಎಣಿಸಿದಂತಾಗುತ್ತದೆ.

ಸಾಗರದವಳು

ನಾನು ಶಿವಮೊಗ್ಗ ಜಿಲ್ಲೆಯವಳು. ಮೇಷ್ಟ್ರು ಹ್ಯಾರಿಸ್ ವಾಫರ್ಡ್ ಎಂಬ ಹೆಸರನ್ನು ಹೇಳಿ ಮುಂದೆ ಹೋದರು. ನಾನು ಅಲ್ಲಿಯೇ ನಿಂತುಬಿಟ್ಟೆ, ಏಕೆಂದರೆ ಆ ಹೆಸರಿನ ದಾರಿ ನಮ್ಮ ಕಾಗೋಡಿನ ಪಕ್ಕದಲ್ಲಿ ಹಾದುಹೋಗುತ್ತದೆ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ್ದು ಇಲ್ಲಿನ ಎಲ್ಲರಿಗೂ ತಿಳಿದಿರುತ್ತದೆ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ಜಗಳ, ಉಳುವವನಿಗೆ ನೆಲ ಎಂಬಲ್ಲಿಗೆ ಬೆಳೆಯಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರ ಆ ಹೋರಾಟಕ್ಕೆ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದಾದ ಕೆಲವೇ ವಾರಗಳಲ್ಲಿ ಲೋಹಿಯಾ ಅಮೆರಿಕದ ಪ್ರವಾಸಕ್ಕೆ ಹೊರಟರು. ಅಲ್ಲಿ ಅವರ ಜೊತೆ ಊರೂರು ಸುತ್ತಿದ ತರುಣನೇ ಈ ವಾಫರ್ಡ್. ಸ್ವಾತಂತ್ರ್ಯದ ಹೊಸತರಲ್ಲಿ ಹೆಂಡತಿಯೊಡನೆ ಭಾರತಕ್ಕೆ ಬಂದು ಗಾಂಧಿಮಾರ್ಗವನ್ನು ಅಭ್ಯಾಸ ಮಾಡಿ ಹೋಗಿದ್ದ ಆತ, ಆಮೇಲೆ ಕಪ್ಪು ಜನರ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ. ದಕ್ಷಿಣದ ಕಪ್ಪು ಕಾಲೇಜುಗಳಲ್ಲಿ ಲೋಹಿಯಾ ಜೈಲಿಗೆ ಹೋಗಲು ಸಿದ್ಧರಾಗಿ ಎಂದು ಹೇಳುತ್ತಾ ಹೋದಾಗ, ಕಾಗೋಡಿನ ಬಂಧನದ ನೆನಪು ಅವರಿಗೆ ತಾಜಾ ಆಗಿಯೇ ಇದ್ದಿರಬೇಕು. ಇದು ನನ್ನ ಊಹೆ, ಆದರೆ ದಿನಗಳ ಲೆಕ್ಕ ಹಾಗೆಯೇ ಹೇಳುತ್ತದೆ. ಮುಂದೆ ವಾಫರ್ಡ್ ಕಿಂಗ್‌ರ ಸಲಹೆಗಾರರಲ್ಲಿ ಒಬ್ಬರಾದರು. 1959ರಲ್ಲಿ ಕಿಂಗ್ ದಂಪತಿ ಭಾರತಕ್ಕೆ ಬಂದು ತಿಂಗಳು ಕಾಲ ತಿರುಗಿದ್ದರ ಹಿಂದೆಯೂ ಅವರ ಒತ್ತಾಸೆಯಿತ್ತು. ಆ ಪ್ರವಾಸದಲ್ಲಿಯೇ ಕೇರಳದ ಶಾಲೆಯೊಂದರ ಮುಖ್ಯೋಪಾಧ್ಯಾಯರು, ಹೆಚ್ಚಾಗಿ ದಲಿತ ಮಕ್ಕಳೇ ಇದ್ದ ಸಭೆಗೆ, ಅಮೆರಿಕದಿಂದ ಬಂದ ನಮ್ಮಂತೆಯೇ ಅಸ್ಪೃಶ್ಯರೊಬ್ಬರು ಎಂದು ಕಿಂಗ್ ಅವರನ್ನು ಪರಿಚಯಿಸಿದ್ದು. ಮೊದಲು ಕೆರಳಿದರೂ, ಯೋಚಿಸಿದ ಮೇಲೆ ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡೆ ಎಂದು ಕಿಂಗ್ 1965ರ ಜುಲೈನಲ್ಲಿ ತಮ್ಮ ಚರ್ಚಿನಲ್ಲಿ ಹೇಳಿದರು.

ಲೋಹಿಯಾ ಮತ್ತೆ ಅಮೆರಿಕಕ್ಕೆ ಹೋದದ್ದು 1964ರಲ್ಲಿ. ಮೇ ತಿಂಗಳ ಕೊನೆಯ ವಾರ, ಅಂದರೆ ಭಾರತದಲ್ಲಿ ನೆಹರೂ ತೀರಿಕೊಂಡ ವಾರ, ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ಬಿಳಿಯರಿಗೆ ಮಾತ್ರ ಎಂಬ ಉಪಾಹಾರ ಗೃಹವೊಂದಕ್ಕೆ ಪಂಚೆ ಉಟ್ಟುಕೊಂಡೇ ಹೋಗಿ, ಹೊರಡಲು ಒಪ್ಪದೆ ಬಂಧನಕ್ಕೊಳಗಾದರು. ಅಲ್ಲಿಂದ ಎರಡೂವರೆ ವಾರಕ್ಕೆ ಆಕ್ಸ್‌ಫರ್ಡಿನಲ್ಲಿ ತರಬೇತಿ ಆರಂಭವಾಯಿತು.

1994ರ ಸೇವಾ ದಿನದ ಕಾನೂನಿಗೆ ಹೆಸರು ಕೊಟ್ಟ ಇನ್ನೊಬ್ಬರು ಜಾನ್ ಲೂಯಿಸ್. 1964ರಲ್ಲಿ ಆಕ್ಸ್‌ಫರ್ಡ್ ತರಬೇತಿಯ ಹಿಂದಿದ್ದ ಮುಖ್ಯ ವಿದ್ಯಾರ್ಥಿ ಸಂಘಟನೆಯ ಅಧ್ಯಕ್ಷರು ಅವರೇ. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಲಾಠಿಯಿಂದ ತಲೆಬುರುಡೆ ಒಡೆಸಿಕೊಂಡವರು. ಅವರಿಗೆ ಅಹಿಂಸೆಯ ಪಾಠ ಹೇಳಿದ ಜೇಮ್ಸ್ ಲಾಸನ್ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ಇದ್ದು ಗಾಂಧಿಯನ್ನು ಓದಿದ್ದರು. ಕೆಂಪು ಮಣ್ಣು ಅವರು ಹೇಳಿದ ಮೆಂಫಿಸ್ ಮುಷ್ಕರಕ್ಕೆ ಕಿಂಗ್ ಅವರನ್ನು ಕರೆಸಿದ್ದೂ ಅದೇ ಲಾಸನ್. ಸೇವಾ ದಿನವನ್ನು ಹೋರಾಟದ ಹಲ್ಲು ಕೀಳಲು ಯಾರೋ ಅಧಿಕಾರಿಗಳು ಹೊಸೆದರು ಎಂದು ನಾನೂ ತಿಳಿದಿದ್ದೆ. ಬರೆದವರನ್ನು ನೋಡಿದ ಮೇಲೆ ಹಾಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಕೆಂಪು ಮಣ್ಣು

ಕಾಗೋಡಿನ ಕೊಂಡಿ ನನಗೆ ಗೊತ್ತಿರಲಿಲ್ಲ, ಸಾಗರದವಳೇ. ಲೂಯಿಸ್ ಬರೆದ ಕಾನೂನನ್ನು ಹಲ್ಲಿಲ್ಲದ್ದು ಎಂದು ನಾನು ಕರೆಯುವುದಿಲ್ಲ. ಆದರೆ ಕಾನೂನನ್ನು ಬರೆದವರು ಯಾರು ಎಂಬುದು ಒಂದು, ಮೂವತ್ತು ವರ್ಷಗಳಲ್ಲಿ ಅದು ಏನಾಯಿತು ಎಂಬುದು ಇನ್ನೊಂದು. ನಾನು ಮೊದಲಿದ್ದ ಬೇರೆ ರಾಜ್ಯದ ಊರಿನಲ್ಲಿ ಆ ದಿನ ನಮ್ಮ ಕಚೇರಿಯವರು ಒಂದೇ ಬಣ್ಣದ ಅಂಗಿ ತೊಡಿಸಿ ಉದ್ಯಾನದ ಬೇಲಿಗೆ ಬಣ್ಣ ಹಚ್ಚಿಸುತ್ತಿದ್ದರು. ಅದೇ ಬೇಲಿ, ಪ್ರತಿ ವರ್ಷ. ಬೇಲಿಯಾಚೆಯ ಬಡಾವಣೆಯವರನ್ನು ನಿಮಗೇನು ಬೇಕು ಎಂದು ಒಮ್ಮೆಯೂ ಯಾರೂ ಕೇಳಲಿಲ್ಲ.

ಅರಳಿಕಟ್ಟೆಯವರ ಪ್ರಶ್ನೆಗೆ ನನ್ನ ಉತ್ತರ: ಸ್ವಾತಂತ್ರ್ಯ ಶಾಲೆ ಸೇವೆಯೂ ಹೌದು, ಹೋರಾಟವೂ ಹೌದು, ಆದರೆ ಅದು ಹಾಗಾದದ್ದು ಒಂದು ಕಟ್ಟುಪಾಡಿನಿಂದ. ಬಾಬ್ ಮೋಸೆಸ್ ಸ್ವಯಂಸೇವಕರಿಗೆ, ಮಿಸಿಸಿಪಿಯ ಕಪ್ಪು ಜನರನ್ನು ಉಳಿಸಲು ಬರುವುದಾದರೆ ಬರಬೇಡಿ, ಅವರ ಬಿಡುಗಡೆಯೂ ನಿಮ್ಮ ಬಿಡುಗಡೆಯೂ ಒಂದೇ ಎಂದು ತಿಳಿದವರು ಬನ್ನಿ ಎಂಬರ್ಥದಲ್ಲಿ ಹೇಳಿದ್ದರು. ಅವರು ಅಲ್ಲಿನ ಕಪ್ಪು ಕುಟುಂಬಗಳ ಮನೆಯಲ್ಲಿಯೇ ಇರಬೇಕಿತ್ತು, ಆ ಮನೆಯವರು ಇಟ್ಟದ್ದನ್ನು ಉಣ್ಣಬೇಕಿತ್ತು, ಸ್ಥಳೀಯ ನಾಯಕರು ಹೇಳಿದಂತೆ ಕೆಲಸ ಮಾಡಬೇಕಿತ್ತು. ಆಶ್ರಯ ಕೊಟ್ಟ ಕಾರಣಕ್ಕೆ ಆ ಮನೆಗಳಿಗೆ ಬಾಂಬು ಬೀಳುತ್ತಿತ್ತು. ಹಾಗಾದರೆ ಯಾರು ಯಾರಿಗೆ ಸೇವೆ ಮಾಡಿದರು? ಅನ್ನ ಹಾಕಿದ ಆ ಮುದುಕಿಯರ ಹೆಸರು ಯಾವ ಸ್ಮಾರಕದ ಕಲ್ಲಿನ ಮೇಲಿದೆ? ನನ್ನ ಅಳತೆಗೋಲು ಇದು: ಬಡಿಸುವವರು ಮತ್ತು ಉಣ್ಣುವವರು ಜಾಗ ಬದಲಿಸಿಕೊಳ್ಳುವ ಅವಕಾಶವಿದ್ದರೆ ಅದು ಈ ಪರಂಪರೆಗೆ ಸೇರಿದ ಸೇವೆ, ಇಲ್ಲದಿದ್ದರೆ ಬರಿಯ ದಾನ.

ಗಣಿತದ ಗೀಳು

ಬಾಬ್ ಮೋಸೆಸ್ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಅವರು ಮೂಲತಃ ಗಣಿತದ ಮೇಷ್ಟ್ರು. 1982ರಲ್ಲಿ ದೊರೆತ ಮೆಕ್‌ಆರ್ಥರ್ ಗೌರವಧನದಿಂದ ಬೀಜಗಣಿತ ಯೋಜನೆಯನ್ನು ಆರಂಭಿಸಿ, 2021ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಅವರ ವಾದ ಸರಳವಾದದ್ದು: 1960ರ ದಶಕದಲ್ಲಿ ಓದುಬರಹ ಬಾರದವನಿಗೆ ಮತದ ಹಕ್ಕು ಸಿಗುತ್ತಿರಲಿಲ್ಲ, ಇಂದು ಎಂಟನೆಯ ತರಗತಿಯಲ್ಲಿ ಬೀಜಗಣಿತ ಕಲಿಯದ ಮಗು ಕಾಲೇಜಿನ ಬಾಗಿಲನ್ನೂ ಒಳ್ಳೆಯ ಕೆಲಸವನ್ನೂ ಕಳೆದುಕೊಳ್ಳುತ್ತದೆ, ಆದ್ದರಿಂದ ಗಣಿತ ನಾಗರಿಕ ಹಕ್ಕಿನ ಪ್ರಶ್ನೆ. ಮಿಸಿಸಿಪಿಯ ಜಾಕ್ಸನ್‌ನ ಶಾಲೆಯೊಂದರಲ್ಲಿ ಅವರೇ ವರ್ಷಗಟ್ಟಲೆ ನಿಂತು ಪಾಠ ಮಾಡಿದರು. ನಮ್ಮ ಕನ್ನಡ ಕೂಟಗಳಲ್ಲಿ ಇಂಜಿನಿಯರುಗಳಿಗೆ ಬರವಿಲ್ಲ. ಆದರೆ ಎಚ್ಚರಿಕೆಯ ಮಾತೂ ಇದೆ. ನಾನು ಒಂದು ಶಾಲೆಯಲ್ಲಿ ಸಂಜೆ ಪಾಠಕ್ಕೆ ಹೋಗಿ ಮೂರನೆಯ ವಾರಕ್ಕೆ ಕೆಲಸದ ಒತ್ತಡವೆಂದು ನಿಲ್ಲಿಸಿದೆ. ನನಗಾಗಿ ಕಾದಿದ್ದ ಹುಡುಗನಿಗೆ ಅದು ಹೊಸ ಅನುಭವವೇನೂ ಆಗಿರಲಿಲ್ಲ ಎಂದು ಅಲ್ಲಿನ ಶಿಕ್ಷಕಿ ಹೇಳಿದರು. ಬಾರದಿದ್ದರೆ ಒಳ್ಳೆಯದಿತ್ತು ಎಂಬ ಅರ್ಥ ಅದರಲ್ಲಿತ್ತು.

ಪಡುವಣ ಗಾಳಿ

ಊರು ಎಂದರೆ ಆಕ್ಸ್‌ಫರ್ಡ್ ಒಂದೇ ಅಲ್ಲ, ಮೂವರನ್ನು ಕೊಂದ ಊರೂ ಇದೆ. ಮಿಸಿಸಿಪಿಯ ಫಿಲಡೆಲ್ಫಿಯಾ ಎಂಬ ಆ ಪಟ್ಟಣದ ಪ್ರಕರಣದಲ್ಲಿ, 1967ರ ಒಕ್ಕೂಟ ಮೊಕದ್ದಮೆಯಲ್ಲಿ ಏಳು ಮಂದಿಗೆ ಮೂರರಿಂದ ಹತ್ತು ವರ್ಷದ ಶಿಕ್ಷೆಯಾದದ್ದು ಬಿಟ್ಟರೆ, ರಾಜ್ಯ ಸರ್ಕಾರ ಕೊಲೆಯ ಆರೋಪವನ್ನೇ ಹೊರಿಸಿರಲಿಲ್ಲ. 2004ರಲ್ಲಿ ಅಲ್ಲಿನ ಬಿಳಿಯರು, ಕಪ್ಪು ಜನರು, ಚಾಕ್ಟಾ ಮೂಲನಿವಾಸಿಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡು, ನಮ್ಮ ಊರಿನಲ್ಲಿ ನಡೆದ ಅಪರಾಧಕ್ಕೆ ನ್ಯಾಯ ಬೇಕು ಎಂದು ಬಹಿರಂಗವಾಗಿ ಕೇಳಿದರು. 2005ರ ಜೂನ್ 21ರಂದು, ಕೊಲೆಯಾಗಿ ಸರಿಯಾಗಿ 41 ವರ್ಷಕ್ಕೆ, ಕೊಲೆಗಳ ಸಂಚು ನಡೆಸಿದ ಕ್ಲಾನ್ ಮುಖಂಡ ಎಡ್ಗರ್ ರೇ ಕಿಲೆನ್ ತಪ್ಪಿತಸ್ಥನೆಂದು ತೀರ್ಪಾಗಿ 60 ವರ್ಷದ ಶಿಕ್ಷೆಯಾಯಿತು. ನೆರೆಮನೆಯವನ ವಿರುದ್ಧ, ಚರ್ಚಿನಲ್ಲಿ ಪಕ್ಕದಲ್ಲಿ ಕುಳಿತವನ ವಿರುದ್ಧ ಬಾಯಿ ತೆರೆಯುವುದು ಬೇಲಿಗೆ ಬಣ್ಣ ಹಚ್ಚುವುದಕ್ಕಿಂತ ಕಷ್ಟದ ಸೇವೆ. ಆ ಪಟ್ಟಣ ನಮ್ಮ ಕಾಲೇಜು ಊರಿಗಿಂತ ಹೆಚ್ಚು ಮಾಡಿತು ಎಂದು ನನಗೆ ಆಗಾಗ ಅನಿಸಿದೆ.

ಹೊಳೆದಂಡೆ

ಎಲ್ಲರ ಬರಹವನ್ನೂ ನಮ್ಮ ಗುಂಪಿನಲ್ಲಿ ಓದಿ ಹೇಳಿದೆ. ಜಗಳವೂ ಆಯಿತು. ನೇರ ಮಾತು ಅವರಂತೆಯೇ ಯೋಚಿಸುವ ಇಬ್ಬರು, ಡಬ್ಬಿ ಸಂಗ್ರಹವನ್ನು ನಿಲ್ಲಿಸಿದರೆ ಅದರಿಂದ ಯಾರಿಗೆ ಲಾಭ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದ ಅದು ಮುಂದುವರಿಯುತ್ತದೆ, ಆದರೆ ಚಿತ್ರ ತೆಗೆಸಿಕೊಳ್ಳುವುದಿಲ್ಲ, ಮತ್ತು ಅದನ್ನು ಕಿಂಗ್ ಹೆಸರಿನಲ್ಲಿ ಕರೆಯದೆ ಸಂಕ್ರಾಂತಿಯ ಹೆಸರಿನಲ್ಲಿಯೇ ಕರೆಯುತ್ತೇವೆ. ಏನು ಬೇಕು ಎಂದು ಆಹಾರ ಭಂಡಾರದವರನ್ನೇ ಈ ಸಲ ಮೊದಲು ಕೇಳಿದೆವು. ಡಬ್ಬಿ ಬೇಡ, ಸೋಮವಾರ ಬೆಳಿಗ್ಗೆ ಲಾರಿಯಿಂದ ಸಾಮಾನು ಇಳಿಸಲು ಜನ ಬೇಕು, ಜನವರಿಯಲ್ಲಿ ಹೇಗೂ ಬರುತ್ತಾರೆ, ಜುಲೈಯಲ್ಲಿ ವಿದ್ಯಾರ್ಥಿಗಳಿಲ್ಲದಾಗ ಯಾರೂ ಇರುವುದಿಲ್ಲ ಎಂದರು.

ಜುಲೈಗೆ ನಾಲ್ಕು ಮನೆಯವರು ಹೆಸರು ಕೊಟ್ಟಿದ್ದೇವೆ. ಬೀಜಗಣಿತದ ಪಾಠಕ್ಕೆ ಮೂವರು ಮುಂದೆ ಬಂದರು. ಗಣಿತದ ಗೀಳು ಅವರ ಅನುಭವವನ್ನು ಓದಿದ ಮೇಲೆ ಒಬ್ಬರು ಹಿಂದೆ ಸರಿದರು, ಇನ್ನಿಬ್ಬರು ಒಂದು ಇಡೀ ಶಾಲಾ ವರ್ಷಕ್ಕೆ ಒಪ್ಪಿಕೊಂಡಿದ್ದಾರೆ. ಜೂನ್ 21ರ ಸಂಜೆ ಆರು ಗಂಟೆಗೆ ವೆಸ್ಟರ್ನ್ ಆವರಣದ ಸ್ಮಾರಕದ ಬಳಿ ಸೇರುವುದೆಂದು ನಿರ್ಧರಿಸಿದ್ದೇವೆ. ಭಾಷಣವಿಲ್ಲ, ಪೀಠದ ಮೇಲಿನ ತಲೆಬರಹಗಳನ್ನು ಮಕ್ಕಳು ಗಟ್ಟಿಯಾಗಿ ಓದುತ್ತಾರೆ. ಡೀ ಮತ್ತು ಮೂರ್ ಅವರ ಹೆಸರನ್ನೂ ಹೇಳಬೇಕೆಂದು ಅರಳಿಕಟ್ಟೆಯವರ ಬರಹ ಓದಿದ ಮಗಳು ಹಟ ಹಿಡಿದಿದ್ದಾಳೆ. ಸಾಗರದವಳು ಅವರಲ್ಲಿ ಒಂದು ಕೋರಿಕೆ: ಕಾಗೋಡಿನ ವಿಷಯವನ್ನು ಹದಿನಾಲ್ಕು ವರ್ಷದವರಿಗೆ ಅರ್ಥವಾಗುವಂತೆ ಎರಡು ಪುಟ ಬರೆದುಕೊಡುವಿರಾ? ಕೊಳಗ ಎಂದರೆ ಏನು ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.